ನೀರಿನ ಹುಟ್ಟೂರು ಬಲ್ಲವರು

ತುರುವೇಕೆರೆ ಕಡೆಯ ನಮ್ಮೂರಲ್ಲಿ ಪಕ್ಕದ ತೋಟದ ಯಜಮಾನರು ರುಚಿ ನೋಡಿಯೇ ನೀರಿನ ಹುಟ್ಟೂರು ಹೇಳುತ್ತಿದ್ದರು. ಕೆರೆಗೆ ಹೊಸನೀರು ಬಂದ ದಿನ ಪಂಚೆ ಎತ್ತಿ ಕಟ್ಟಿ ಇಳಿದು, ಒಂದು ಬೊಗಸೆ ಬಾಯಿಗೆ ಹಾಕಿ, ಕಣ್ಣು ಮುಚ್ಚಿ ಮುಕ್ಕಳಿಸಿ ಉಗುಳುತ್ತಿದ್ದರು. “ಇದು ಚಿಕ್ಕನಾಯಕನಹಳ್ಳಿ ಗುಡ್ಡದ್ದು. ನಾಲಿಗೆಗೆ ಗೊತ್ತಾಯ್ತದೆ ಕಣ್ರೀ.” ಬೇಸಿಗೆಯಲ್ಲಿ ಬಾವಿ ನೀರು ಕುಡಿದು, ಅದು ಮುಂಗಾರಿನದೋ ಹಿಂಗಾರಿನದೋ ಎಂದೂ ಹೇಳುವರು. ಸುಳ್ಳೆನ್ನುವುದು ಹೇಗೆ? ನೀರೇನು ಬಾಯಿ ಬಿಟ್ಟು ಸಾಕ್ಷಿ ಹೇಳುತ್ತದೆಯೇ?

ಎಂಬತ್ತರ ದಶಕದ ಆರಂಭದಲ್ಲಿ ಮೇಲಿನ ಊರಿನವರು, ನಮ್ಮ ಕೆರೆಗೆ ಬರುವ ಎರಡು ಹಳ್ಳಗಳ ಪೈಕಿ ಮೂಡಲ ಹಳ್ಳಕ್ಕೆ ಒಡ್ಡು ಹಾಕುತ್ತೇವೆಂದರು. ನಮ್ಮವರು ಒಪ್ಪಲಿಲ್ಲ. ಪಂಚಾಯ್ತಿ ಸೇರುವ ಮೊದಲು ಯಜಮಾನರಿಗೆ ಆ ಊರಲ್ಲಿ ಒಬ್ಬಟ್ಟಿನ ಊಟವಾಯಿತು. ಉಂಡು ಬಂದವರೇ ಕೆರೆನೀರು ಮುಕ್ಕಳಿಸಿ ತೀರ್ಪು ಕೊಟ್ಟರು: “ಇದೆಲ್ಲಾ ಪಡುವಲ ಹಳ್ಳದ್ದು. ಮೂಡಲದ್ದು ಒಂದು ತೊಟ್ಟೂ ಇಲ್ಲ. ಹಾಕ್ಕೊಳ್ಲಿ ಬುಡಿ.”

ನಾವು ನಂಬಿದೆವು.

ಮರುವರ್ಷ ಮಳೆ ಚೆನ್ನಾಗಿಯೇ ಆಯಿತು, ಕೆರೆ ಮಾತ್ರ ಅರ್ಧವೂ ತುಂಬಲಿಲ್ಲ. ಬೇಸಿಗೆಗೆ ತೆಂಗಿನ ಹರಳು, ಅಂದರೆ ಎಳೆ ಮಿಡಿ, ಉದುರತೊಡಗಿತು. ಮೊದಲು ಸೊರಗಿದ್ದು ಯಜಮಾನರ ತೋಟವೇ. ಒಡ್ಡಿನ ತೂಬು ತೆಗೆಸಿ ಎಂದು ಕೇಳಲು ಅವರು ಬಿಸಿಲಲ್ಲಿ ನಡೆದು ಹೊರಟರು. ಜೊತೆಗೆ ನಾನೂ ಹೋದೆ.

ಆ ಊರಿನ ಹಿರಿಯ ಒಂದು ಚೊಂಬು ನೀರು ಕೊಟ್ಟು ಕೇಳಿದ, “ಇದು ಯಾವ ಕಡೇದು ಹೇಳಿ ಯಜಮಾನ್ರೆ?”

ಅವರು ಗಟಗಟ ಕುಡಿದು ಮೀಸೆ ಒರೆಸಿಕೊಂಡರು. “ನಿಮ್ಮ ಮೂಡಲ ಹಳ್ಳದ್ದೇ ಕಣಪ್ಪ. ನಮ್ ಕೆರೆಗೂ ಇದೇ ಬತ್ತಾ ಇದ್ದಿದ್ದು.”

“ನಮ್ದೇ ಅಂದ್ಮೇಲೆ ನಮ್ಮತ್ರಾನೇ ಇರ್ಲಿ ಬುಡಿ” ಎಂದು ಆತ ಚೊಂಬು ಎತ್ತಿಕೊಂಡು ಒಳಗೆ ಹೋದ.