ನಾನು ಎತ್ತಿದ ಕೈ

೧೯೭೯ರಲ್ಲಿ ನಾನು ಉಡುಪಿಯಲ್ಲಿ ಸ್ವಂತ ವಕೀಲಿ ಆಫೀಸು ತೆರೆದು ಎಂಟು ತಿಂಗಳಾಗಿತ್ತು. ಆಫೀಸು ಎಂದರೆ ಒಂದು ಹೋಟೆಲಿನ ಮಾಳಿಗೆಯ ಕೋಣೆ. ಹನ್ನೊಂದು ಗಂಟೆಗೆಲ್ಲ ಒಗ್ಗರಣೆಯ ಘಾಟು ಕಿಟಕಿಯಿಂದ ನುಗ್ಗಿ ನನ್ನನ್ನೂ ಕಕ್ಷಿಗಾರರನ್ನೂ ಒಟ್ಟಿಗೆ ಕೆಮ್ಮಿಸುತ್ತಿತ್ತು. ಕಕ್ಷಿಗಾರರು ಬಂದರೆ ಮಾತ್ರ. ಅದಕ್ಕೂ ಮೊದಲು ಐದು ವರ್ಷ ಊರಿನ ದೊಡ್ಡ ವಕೀಲರೊಬ್ಬರಲ್ಲಿ ಜೂನಿಯರ್ ಆಗಿದ್ದೆ. ಅವರ ಹೆಸರು ಇಲ್ಲಿ ಬೇಡ. ಆಗಲೂ ಸೀನಿಯರ್ ಎಂದೇ ಕರೆಯುತ್ತಿದ್ದೆ, ಈಗಲೂ ಹಾಗೆಯೇ ಇರಲಿ.

ಆ ವರ್ಷಗಳಲ್ಲಿ ನಮ್ಮ ಕಡೆಯ ವಕೀಲರಿಗೆಲ್ಲ ಭೂಸುಧಾರಣೆಯ ಡಿಕ್ಲರೇಶನ್, ಅಂದರೆ ಗೇಣಿದಾರರು ಜಾಗ ಕೇಳಿ ಹಾಕುವ ಅರ್ಜಿ, ಅದರ ಕೆಲಸವೇ ತಲೆಯ ಮೇಲಿತ್ತು. ಧಣಿ ಕೆಲಸದಿಂದ ತೆಗೆದರು ಎಂದು ಯಾರಾದರೂ ಬಂದರೆ ಯಾವ ಪುಸ್ತಕ ತೆರೆಯಬೇಕು ಎಂದು ತಿಳಿದವರೇ ಕಡಿಮೆ. ಕೈಗಾರಿಕಾ ವಿವಾದ ಕಾಯ್ದೆಯ ಪುಸ್ತಕವನ್ನು ನಾನು ಸೀನಿಯರ್ ಕಪಾಟಿನಿಂದ ಇಳಿಸಿ, ಧೂಳು ಒರೆಸಿ ಎರಡು ಸಲ ಓದಿದ್ದೆ. ಅಷ್ಟಕ್ಕೇ ನನಗೆ ಜಂಬ ಬಂದಿತ್ತು.

ಒಂದು ಸೋಮವಾರ ಗ್ರೆಗರಿ ಪೊರ್ಬು ಮಾಳಿಗೆ ಹತ್ತಿ ಬಂದರು. ನಮ್ಮಲ್ಲಿ ಕ್ರೈಸ್ತ ಹಿರಿಯರನ್ನು ಮರ್ಯಾದೆಯಿಂದ ಪೊರ್ಬು ಎನ್ನುತ್ತಾರೆ. ಹೆಜಮಾಡಿಯಿಂದ ಕಾಪು, ಉಡುಪಿ, ಮಣಿಪಾಲ ದಾಟಿ ಕಾರ್ಕಳಕ್ಕೆ ಹೋಗುವ ಖಾಸಗಿ ಬಸ್ಸಿನಲ್ಲಿ ಅವರು ಹದಿನಾರು ವರ್ಷ ಕಂಡಕ್ಟರ್ ಆಗಿದ್ದವರು. ನಾನು ಕಾಪುವಿನ ಹುಡುಗ. ಕಾಲೇಜಿಗೆ ಅವರ ಬಸ್ಸಿನಲ್ಲೇ ಬರುತ್ತಿದ್ದೆ, ಮತ್ತು ದಿನವೂ ತಡ ಮಾಡುತ್ತಿದ್ದೆ. ನಾನು ಗದ್ದೆಯ ಬದುವಿನಲ್ಲಿ ಓಡಿ ಬರುವುದು ಕಂಡರೆ ಅವರು ಸೀಟಿ ಊದದೆ ಬಾಗಿಲಲ್ಲಿ ನಿಂತು, "ಓಡು ಸದಾಶಿವ, ಪಾಠ ಶುರುವಾಯಿತು" ಎಂದು ಇಡೀ ಬಸ್ಸನ್ನು ನಗಿಸುತ್ತಿದ್ದರು. ಆ ಮನುಷ್ಯ ಈಗ ನನ್ನ ಎದುರು ಕುರ್ಚಿಯ ತುದಿಯಲ್ಲಿ ಕುಳಿತು "ಲಾಯರ್ರೇ" ಎಂದಾಗ ನನಗೆ ಸಂಕೋಚವೂ ಆಯಿತು, ಒಳಗೊಳಗೆ ಖುಷಿಯೂ ಆಯಿತು.

ನಡೆದದ್ದು ಇಷ್ಟು. ಆ ಕಂಪನಿಯ ಡ್ರೈವರು, ಕಂಡಕ್ಟರುಗಳಲ್ಲಿ ಯಾರಿಗೂ ನೇಮಕದ ಕಾಗದ ಇರಲಿಲ್ಲ. ಕಾಗದ ಕೊಡಿ ಎಂದು ಎಲ್ಲರೂ ಸೇರಿ ಅರ್ಜಿ ಬರೆದರು, ಮೊದಲ ಸಹಿ ಗ್ರೆಗರಿಯವರದು. ಒಂದು ಸಂಜೆ ಕಾರ್ಕಳದ ಶೆಡ್ಡಿನಲ್ಲಿ ಧಣಿ ಅವರನ್ನು ಕರೆದು, "ನಾಳೆಯಿಂದ ನೀನು ಬರುವುದು ಬೇಡ" ಎಂದರು. ಆಗ ಹತ್ತಿರ ಇನ್ನೊಬ್ಬರು ಇರಲಿಲ್ಲ. ಈಗ ಧಣಿ, ತಾನು ತೆಗೆದೇ ಇಲ್ಲ, ಅವನಾಗಿಯೇ ಬಿಟ್ಟು ಹೋದ ಎನ್ನುತ್ತಿದ್ದರು.

"ಯಾವ ಯಾವ ವಕೀಲರ ಹತ್ತಿರ ಹೋಗಿ ಬಂದಿರಿ?" ಎಂದು ಕೇಳಿದೆ.

"ಕಾರ್ಕಳದಲ್ಲಿ ಇಬ್ಬರು. ಒಬ್ಬರು ಜಾಗದ ಕೇಸು ಮಾತ್ರ ಅಂತ. ಇನ್ನೊಬ್ಬರು ಧಣಿಯ ಭಾವನೆಂಟ. ಮತ್ತೆ ನಿಮ್ಮ ಸೀನಿಯರ್ ಹತ್ತಿರ ಹೋದೆ. ಅವರು ನಕ್ಕರು. 'ನಾನು ಧಣಿಯ ಕಡೆಯ ವಕೀಲ ಮಾರಾಯ, ನೀನು ಹೋಟೆಲಿನ ಮಾಳಿಗೆಗೆ ಹೋಗು, ಅಲ್ಲಿ ನನ್ನ ಹುಡುಗ ಇದ್ದಾನೆ, ಒಳ್ಳೆ ಹುಡುಗ' ಅಂದರು."

ಎದುರಾಳಿಯ ವಕೀಲರೇ ತೋರಿಸಿದ ವಕೀಲ ನಾನು! ಅದು ಹೊಗಳಿಕೆಯೋ ಲೆಕ್ಕಾಚಾರವೋ ಎಂದು ಆಗ ಯೋಚಿಸಲಿಲ್ಲ. ಗುರುವಿನ ಎದುರು ನಿಂತು ವಾದಿಸುವ ಅವಕಾಶ ಎಂದು ಮೈ ಪುಳಕಗೊಂಡಿತು.

"ನಿಮಗೆ ಎಂತ ಬೇಕು, ಪೊರ್ಬುಗಳೇ?"

"ಕೆಲಸ ವಾಪಸು ಕೊಟ್ಟರೆ ಒಳ್ಳೆಯದು. ಕೊಡದಿದ್ದರೂ ಇರಲಿ. ನಾನಾಗಿ ಬಿಟ್ಟದ್ದಲ್ಲ ಅಂತ ಒಂದು ಕಾಗದದಲ್ಲಿ ಬರೆಯಬೇಕು. ಹದಿನಾರು ವರ್ಷ ಒಂದು ಟ್ರಿಪ್ಪು ತಪ್ಪಿಸಿದವನಲ್ಲ ನಾನು. ಅರ್ಧ ದಾರಿಯಲ್ಲಿ ಬಸ್ಸು ಬಿಟ್ಟು ಹೋದ ಅಂತ ಜನ ಹೇಳಬಾರದು."

ಸಂಧಾನಾಧಿಕಾರಿಯ ಎದುರು ಮಾತುಕತೆ ಮುರಿದುಬಿತ್ತು, ಸರಕಾರ ವಿವಾದವನ್ನು ಲೇಬರ್ ಕೋರ್ಟಿಗೆ ಕಳುಹಿಸಿತು. ಆಗ ಅದರ ನ್ಯಾಯಾಧೀಶರು ಮಂಗಳೂರಿಗೆ ಕ್ಯಾಂಪು ಬಂದು ವಿಚಾರಣೆ ನಡೆಸುತ್ತಿದ್ದರು. ಓದುಗರು ಇಲ್ಲಿ ಒಂದು ನಿಯಮ ತಿಳಿಯಬೇಕು. ಲೇಬರ್ ಕೋರ್ಟಿನಲ್ಲಿ ವಕೀಲರಿಗೆ ತಾವಾಗಿ ಪ್ರವೇಶವಿಲ್ಲ. ಎದುರು ಪಕ್ಷ ಒಪ್ಪಬೇಕು, ಕೋರ್ಟು ಅನುಮತಿ ಕೊಡಬೇಕು. ಯಾರಾದರೂ ಒಬ್ಬರು ಬೇಡ ಎಂದರೆ ಧಣಿಯೂ ಕೆಲಸಗಾರನೂ ತಮ್ಮ ತಮ್ಮ ಬಾಯಿಯಿಂದಲೇ ಮಾತಾಡಬೇಕು. ಬಡವನ ಮೇಲೆ ದೊಡ್ಡ ವಕೀಲರು ಎರಗದಿರಲಿ ಎಂದೇ ಆ ನಿಯಮ ಮಾಡಿದ್ದು.

ಸೀನಿಯರ್ ಕೋರ್ಟಿನ ಜಗಲಿಯಲ್ಲಿ ನನ್ನ ಹೆಗಲ ಮೇಲೆ ಕೈಯಿಟ್ಟು, "ನೀನು ನನಗೆ ಒಪ್ಪಿಗೆ ಕೊಡು, ನಾನು ನಿನಗೆ ಕೊಡುತ್ತೇನೆ, ಅಲ್ವಾ?" ಎಂದರು. ನಾನು ನಿಂತಲ್ಲೇ ಸಹಿ ಹಾಕಿದೆ. ಗ್ರೆಗರಿಯವರನ್ನು ಒಂದು ಮಾತು ಕೇಳಲೂ ಇಲ್ಲ. ಅವರ ನಾಲಿಗೆಗೆ ಹೆಜಮಾಡಿಯಿಂದ ಕಾರ್ಕಳದವರೆಗೆ ಎದುರಿರಲಿಲ್ಲ. ಧಣಿಯೋ, ನಾಲ್ಕು ಜನರೆದುರು ನಿಂತರೆ ಬೆವರುವ ಮನುಷ್ಯ. ಒಪ್ಪಿಗೆ ಇಲ್ಲ ಎಂದು ನಾನು ಹೇಳಿದ್ದರೆ ಧಣಿಯೇ ಗ್ರೆಗರಿಯವರ ಮುಖ ನೋಡಿ ಪ್ರಶ್ನೆ ಕೇಳಬೇಕಾಗುತ್ತಿತ್ತು. ಆದರೆ ಹಾಗೆ ಹೇಳಿದ್ದರೆ ನನಗೂ ಅಲ್ಲಿ ಕೆಲಸವಿರುತ್ತಿರಲಿಲ್ಲ. ಸತ್ಯ ಇದು, ಎಷ್ಟು ಮುಚ್ಚಿದರೂ ಇದೇ.

ಸಾಕ್ಷಿಯ ಹಿಂದಿನ ದಿನ ಗ್ರೆಗರಿಯವರಿಗೆ ಪಾಠ ಮಾಡಿದೆ. "ಪಾಟೀಸವಾಲಿನಲ್ಲಿ ಕೇಳಿದ್ದಕ್ಕೆ ಮಾತ್ರ ಉತ್ತರ. ಹೌದು, ಅಲ್ಲ. ಕಥೆ ಹೇಳಲು ಹೋಗಬೇಡಿ. ನಾನು ಕೈ ಎತ್ತಿದರೆ ನಿಲ್ಲಿಸಬೇಕು." ಅವರು ತಲೆಯಾಡಿಸಿದರು. ಪಾಟೀಸವಾಲು ಎಂದರೆ ಎದುರು ಪಕ್ಷದ ವಕೀಲರು ಸಾಕ್ಷಿಯನ್ನು ಕೆದಕುವ ಹಂತ.

ಮರುದಿನ ಸೀನಿಯರ್ ಐದಾರು ಸಣ್ಣ ಪ್ರಶ್ನೆ ಕೇಳಿ, ಮಡಚಿದ ಒಂದು ಚೀಟಿಯನ್ನು ಮೆಲ್ಲಗೆ ಬಿಡಿಸಿದರು. ನಾನು ಅದನ್ನು ಕಂಡೇ ಇರಲಿಲ್ಲ. "ನಾಳೆಯಿಂದ ನಾನು ಬಸ್ಸಿಗೆ ಬರುವುದಿಲ್ಲ. ನನ್ನ ಬದಲು ಪೆರ್ಡೂರಿನ ಕೃಷ್ಣನನ್ನು ಕಳುಹಿಸಿದ್ದೇನೆ. ಗ್ರೆಗರಿ."

"ಇದು ನಿಮ್ಮ ಕೈಬರಹ ಹೌದೋ?"

"ಹೌದು." ಅವರು ಅಲ್ಲಿಗೆ ನಿಲ್ಲಿಸಲಿಲ್ಲ. ನ್ಯಾಯಾಧೀಶರ ಕಡೆ ತಿರುಗಿ, "ಸ್ವಾಮಿ, ಅದು ಎಂತ ಅಂದರೆ" ಎಂದು ಶುರು ಮಾಡಿದರು.

ನಾನು ಕೈ ಎತ್ತಿದೆ.

ಅವರು ನನ್ನನ್ನು ನೋಡಿದರು. ಬಾಯಿ ತೆರೆದೇ ಇತ್ತು. ಆಮೇಲೆ ಮುಚ್ಚಿದರು. ಸೀನಿಯರ್ ಚೀಟಿಗೆ ನಿಶಾನಿ ಹಾಕಿಸಿ, ಕೋರ್ಟಿನ ದಾಖಲೆಗೆ ಸೇರಿಸಿಕೊಂಡು ಕುಳಿತರು. ಮರುವಿಚಾರಣೆ, ಅಂದರೆ ನಮ್ಮ ಸಾಕ್ಷಿಯಿಂದ ವಿವರಣೆ ಹೇಳಿಸುವ ಹಕ್ಕು, ನನಗೆ ಇತ್ತು. ನ್ಯಾಯಾಧೀಶರು ಕೇಳಿದರು ಕೂಡ. ಉತ್ತರ ಏನು ಬರುತ್ತದೆಂದು ಗೊತ್ತಿಲ್ಲದ ಪ್ರಶ್ನೆ ಕೇಳಬೇಡ ಎಂದು ಐದು ವರ್ಷ ನನಗೆ ಕಲಿಸಿದವರು ಎದುರಲ್ಲೇ ಕುಳಿತಿದ್ದರು. "ಮರುವಿಚಾರಣೆ ಇಲ್ಲ" ಎಂದೆ.

ಮಧ್ಯಾಹ್ನ ಕೋರ್ಟಿನ ಹಿಂದಿನ ಕ್ಯಾಂಟೀನಿನಲ್ಲಿ ಸಿಡುಕಿದೆ. "ಆ ಚೀಟಿಯ ಸುದ್ದಿ ನನಗೆ ಯಾಕೆ ಹೇಳಲಿಲ್ಲ?"

"ನೀವು ಕೇಳಲಿಲ್ಲ ಅಲ್ವಾ. ಅದು ದೊಡ್ಡ ಸಂಗತಿ ಅಂತ ನನಗೆ ಹೊಳೆಯಲೂ ಇಲ್ಲ. ಧಣಿ ಬರಬೇಡ ಅಂದರು. ಬೆಳಿಗ್ಗೆ ಮೊದಲ ಟ್ರಿಪ್ಪಿಗೆ ಹೆಜಮಾಡಿಯ ಮೀನಿನ ಹೆಂಗಸರು ಬುಟ್ಟಿ ಇಟ್ಟುಕೊಂಡು ಕಾಯುತ್ತಾರೆ, ಶಾಲೆಯ ಮಕ್ಕಳು ಕಾಯುತ್ತಾರೆ. ಕಂಡಕ್ಟರ್ ಇಲ್ಲದೆ ಬಸ್ಸು ಹೊರಡುವುದು ಹೇಗೆ? ಅದಕ್ಕೆ ಕೃಷ್ಣನ ಹತ್ತಿರ ನೀನು ಹೋಗು ಅಂದೆ. ಚೀಟಿ ಇಲ್ಲದೆ ಡ್ರೈವರ್ ಅವನನ್ನು ಹತ್ತಿಸುವುದಿಲ್ಲ."

ಆ ಲೈನಿನ ಪದ್ಧತಿಯೇ ಅದು. ಬರಲಾಗದ ಕಂಡಕ್ಟರ್ ತಾನೇ ಬದಲಿ ಆಳನ್ನು ಹುಡುಕಿ, ಚೀಟಿ ಕೊಟ್ಟು ಕಳುಹಿಸಬೇಕು; ಚೀಟಿ ಡ್ರೈವರ್ ಕೈಯಿಂದ ಧಣಿಗೆ ಸೇರುತ್ತದೆ. ತನ್ನನ್ನು ಕೆಲಸದಿಂದ ತೆಗೆದ ರಾತ್ರಿಯೂ ಆ ಪುಣ್ಯಾತ್ಮ ಪದ್ಧತಿ ಬಿಟ್ಟಿರಲಿಲ್ಲ. ಹತ್ತು ವರ್ಷ ಆ ಬಸ್ಸಿನಲ್ಲಿ ಓಡಾಡಿದ ನನಗೆ ಇದು ಗೊತ್ತಿರಲಿಲ್ಲವೇ? ಗೊತ್ತಿತ್ತು. ಕೋಟು ಹಾಕಿದ ಮೇಲೆ ಮರೆತಿತ್ತು.

ಆಗಲೂ ಕಾಲ ಮಿಂಚಿರಲಿಲ್ಲ. ಸಾಕ್ಷಿಯನ್ನು ಮತ್ತೊಮ್ಮೆ ಕರೆಯಲು ಒಂದು ಅರ್ಜಿ ಹಾಕಬಹುದಿತ್ತು. ಹಾಕಿದರೆ ನಾನು ತಯಾರಿಲ್ಲದೆ ಬಂದದ್ದು ಸೀನಿಯರಿಗೆ ತಿಳಿಯುತ್ತದೆ ಎಂದು ನಾಚಿಕೆಯಾಯಿತು. ವಾದದಲ್ಲಿ ಸರಿಮಾಡುತ್ತೇನೆ ಎಂದುಕೊಂಡೆ. ವಾದದಲ್ಲಿ ಬದಲಿ ಪದ್ಧತಿಯನ್ನು ಚೆನ್ನಾಗಿಯೇ ವಿವರಿಸಿದೆ. ಸಾಕ್ಷಿ ಹೇಳದ ಮಾತನ್ನು ವಕೀಲರು ಹೇಳಿದರೆ ಅದು ಪುರಾವೆಯಲ್ಲ ಎಂದು ನ್ಯಾಯಾಧೀಶರು ಒಂದೇ ಸಾಲಿನಲ್ಲಿ ಮುಗಿಸಿದರು. ಕೆಲಸಗಾರ ಸ್ವಇಚ್ಛೆಯಿಂದ ಕೆಲಸ ಬಿಟ್ಟಿದ್ದಾನೆ ಎಂದು ತೀರ್ಪು ಬಂತು. ಗ್ರೆಗರಿಯವರು ಬೇಡಿದ ಕಾಗದ ಸಿಕ್ಕಿತು, ಅದರಲ್ಲಿ ಬರೆದದ್ದು ಮಾತ್ರ ತಿರುಗಾಮುರುಗಾ.

ತೀರ್ಪಿನ ನಕಲು ಪಡೆಯಲು ಬಂದವರು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಮೆಟ್ಟಿಲಲ್ಲಿ ನಿಂತು ಹೇಳಿದರು: "ನೀವು ಕೈ ತೋರಿಸದಿದ್ದರೆ ನಾನು ಹೇಳಿಬಿಡುತ್ತಿದ್ದೆ, ಲಾಯರ್ರೇ. ಕಲಿತವರು ಹೇಳುತ್ತಾರಲ್ಲ, ಎಂತದೋ ಕಾರಣ ಉಂಟು ಅಂತ ಸುಮ್ಮನಾದೆ."

ಮತ್ತೆ ಯಾವ ಕಂಪನಿಯೂ ಅವರನ್ನು ತೆಗೆದುಕೊಳ್ಳಲಿಲ್ಲ. ಎಂಬತ್ತರ ದಶಕವಿಡೀ ಅವರು ಉಡುಪಿ ಬಸ್‌ಸ್ಟ್ಯಾಂಡಿನಲ್ಲಿ ಊರುಗಳ ಹೆಸರು ಕೂಗಿ ಜನರನ್ನು ಬಸ್ಸಿಗೆ ಹತ್ತಿಸುವ ಏಜೆಂಟರಾಗಿದ್ದರು. "ಕಾರ್ಕಳ, ಕಾರ್ಕಳ" ಎಂಬ ಆ ಸ್ವರ ದೂರಕ್ಕೇ ಕೇಳುತ್ತಿತ್ತು. ನಾನು ಹತ್ತಿರ ಬಂದರೆ ನಿಲ್ಲುತ್ತಿತ್ತು. ಅವರು ನನಗೆ ನಮಸ್ಕಾರ ಮಾಡುತ್ತಿದ್ದರು, ನಾನು ದಾಟಿ ಹೋದ ಮೇಲೆ ಮತ್ತೆ ಕೂಗುತ್ತಿದ್ದರು. ನಾನು ಬೇರೆ ದಾರಿ ಹಿಡಿದು ಆಫೀಸಿಗೆ ಹೋಗಲು ಶುರು ಮಾಡಿದೆ. ಆ ದಾರಿಯಲ್ಲೂ ಕೇಳುತ್ತಿತ್ತು. ಅವರು ತೀರಿಕೊಂಡ ಮೇಲೂ ಕೆಲವು ವರ್ಷ ನನಗೆ ಕೇಳುತ್ತಿತ್ತು. ಹೆಂಡತಿಗೆ ಹೇಳಿದರೆ ನಗುತ್ತಿದ್ದಳು, ಆಮೇಲೆ ನಗುವುದು ಬಿಟ್ಟಳು.

ಮುಂದೆ ನಾನು ನೂರಾರು ಕೆಲಸಗಾರರ ಪರ ನಿಂತೆ, ಗೆದ್ದದ್ದೂ ಉಂಟು. ಯಾರು ಬಂದರೂ ಮೊದಲು, "ನನ್ನನ್ನು ಇಟ್ಟುಕೊಳ್ಳುವುದು ನಿಮಗೆ ಬೇಕೇ, ನೀವೇ ಮಾತಾಡಿದರೆ ಆಗದೇ?" ಎಂದು ಕೇಳುತ್ತಿದ್ದೆ. ಕೆಲವರು ನನಗೆ ಕೆಲಸದ ಮೇಲೆ ಮನಸ್ಸಿಲ್ಲ ಎಂದುಕೊಂಡರು. ಸಾಕ್ಷಿಕಟ್ಟೆಯಲ್ಲಿ ನನ್ನ ಕಕ್ಷಿಗಾರ ನಿಂತಿರುವಾಗ ನನ್ನ ಎರಡೂ ಕೈ ಮೇಜಿನ ಕೆಳಗೆ ಇರುತ್ತಿದ್ದವು. ಜೂನಿಯರುಗಳು ಅದನ್ನು ಮುದುಕನ ಚಾಳಿ ಎಂದು ತಮಾಷೆ ಮಾಡುತ್ತಿದ್ದರು. ನಾನು ಕಾರಣ ಹೇಳಲಿಲ್ಲ. ವಕೀಲ ತನ್ನ ಕಕ್ಷಿಗಾರನಿಗೆ ಬಾಯಿ ಆಗಬೇಕು, ಬೀಗ ಆಗಬಾರದು ಎಂಬುದು ನನಗೆ ಈ ಕಸುಬು ಕಲಿಸಿದ ಪಾಠ. ಕಲಿಕೆಯ ಬೆಲೆ ತೆತ್ತವರು ಬೇರೆ.

ಕ್ಯಾಂಟೀನಿನಲ್ಲಿ ಗ್ರೆಗರಿಯವರು ಹೇಳಿದ, ನಾನು ಮೇಲೆ ಬರೆದ ಮಾತನ್ನು ಮೊನ್ನೆ ಗಡಿಯಾರ ಎದುರಿಟ್ಟುಕೊಂಡು ಗಟ್ಟಿಯಾಗಿ ಓದಿ ನೋಡಿದೆ. ಅರ್ಧ ನಿಮಿಷ ಸಾಕಾಯಿತು. ಕಾಪುವಿನ ಸ್ಟಾಪಿನಲ್ಲಿ ಅವರು ನನಗಾಗಿ ಬಸ್ಸು ನಿಲ್ಲಿಸಿ ಅದಕ್ಕಿಂತ ಹೆಚ್ಚು ಹೊತ್ತು ಕಾಯುತ್ತಿದ್ದರು, ದಿನವೂ.