ಬಚ್ಚಲಲ್ಲಿ ಕಂಡ ಕೆಂಪು

ನಮ್ಮ ಮನೆಯ ಬಚ್ಚಲಲ್ಲಿ ಕೆಂಪು ಕಂಡರೆ ಯಾರೂ ಬೆಚ್ಚುತ್ತಿರಲಿಲ್ಲ. ಮಾವನವರ ಎಲೆ ಅಡಿಕೆ ಅಂಥದ್ದು. ಸಂತೇಬೆನ್ನೂರಿಗೆ ಸೊಸೆಯಾಗಿ ಬಂದಾಗಿನಿಂದ ನೋಡಿದ್ದೇನೆ, ಅವರು ಉಗುಳುವುದು, ಅತ್ತೆ ಬೈಯುವುದು, ಒಂದು ತಂಬಿಗೆ ನೀರು ಸುರಿದರೆ ಅಲ್ಲಿಗೆ ಮುಗಿಯಿತು. ಆ ಬೆಳಿಗ್ಗೆಯೂ ಅತ್ತೆ ಶುರು ಹಚ್ಚಿಕೊಂಡರು. ಮಾವನವರು ಪಾಪ, ಇನ್ನೂ ಎಲೆಗೆ ಸುಣ್ಣವನ್ನೇ ಸವರಿರಲಿಲ್ಲ. ಒಳಗಿನಿಂದ ನಾನೇ ಹೇಳಿದೆ.

"ಅದು ನಂದು ಅತ್ತೆ. ಮಾವಾರನ್ನ ಬೈಬ್ಯಾಡ್ರಿ."

ರಕ್ತದ ಕ್ಯಾನ್ಸರ್ ಬಂದು, ಸಾಸ್ವೆಹಳ್ಳಿಯಲ್ಲಿರುವ ನನ್ನ ತಂಗಿಯ ಸ್ಟೆಮ್ ಸೆಲ್ ನನಗೆ ಕಸಿ ಮಾಡಿ ಕೆಲವೇ ವಾರಗಳಾಗಿದ್ದವು. ಮೂತ್ರದಲ್ಲಿ ರಕ್ತ, ಉರಿ ಎಂದರೆ ಎಂಥ ಉರಿ ಅಂತೀರಿ. ಬಚ್ಚಲಿಗೆ ಹೋಗಿ ಬಂದು ಕೂರುವಷ್ಟರಲ್ಲಿ ಮತ್ತೆ ಅವಸರ. ಅತ್ತೆ ಕೆಟ್ಟವರಲ್ಲ. ಉಷ್ಣ ಅಂದರು. ಹೊಕ್ಕುಳಿಗೆ ಹರಳೆಣ್ಣೆ ಇಟ್ಟರು, ಕಾಮಕಸ್ತೂರಿ ಬೀಜ ನೆನೆಹಾಕಿದರು, ಚನ್ನಗಿರಿಯಲ್ಲಿ ಯಾರಿಗೋ ಹೀಗೇ ಆಗಿ ತಾನಾಗಿ ವಾಸಿಯಾಯಿತು ಅಂದರು. ಹರಳೆಣ್ಣೆಗೆ ನಾನು ಬೇಡ ಅನ್ನಲಿಲ್ಲ. ಬೀಜದ ನೀರನ್ನು ಮಾತ್ರ ಮುಟ್ಟಲಿಲ್ಲ. ಕಾಯಿಸದೆ ಇದ್ದದ್ದು ಏನೂ ಬಾಯಿಗೆ ಹೋಗಕೂಡದು ಎಂದು ಆಸ್ಪತ್ರೆಯಲ್ಲಿ ತಾಕೀತು ಮಾಡಿದ್ದರು. ಮಧ್ಯಾಹ್ನಕ್ಕೆ ರಕ್ತದ ಗಡ್ಡೆಗಳು ಬಂದವು, ಆಮೇಲೆ ಮೂತ್ರವೇ ನಿಂತಿತು. ಇನ್ನೊಂದು ದಿನ ನೋಡೋಣ ಎಂದವರ ಮುಂದೆಯೇ ಚಪ್ಪಲಿ ಮೆಟ್ಟಿ ಕಾರಿನಲ್ಲಿ ಹೋಗಿ ಕೂತುಬಿಟ್ಟೆ. ಸುಮ್ಮನೆ ಸಾಯುವುದಾದರೆ ಅಷ್ಟೆಲ್ಲ ಕೀಮೋ ಯಾಕೆ ತಡೆದುಕೊಳ್ಳಬೇಕಿತ್ತು? ನನ್ನ ಗಂಡ ಗಾಡಿ ತೆಗೆದರು.

ಡಾಕ್ಟರಮ್ಮ ಹೇಳಿದ್ದು ನನಗೆ ಬಾಯಿಪಾಠ. ಉಷ್ಣವಲ್ಲ, ವೈರಸ್. ಚಿಕ್ಕಂದಿನಲ್ಲೇ ಹೆಚ್ಚುಕಡಿಮೆ ಎಲ್ಲರ ಮೈ ಸೇರಿ ತೆಪ್ಪಗೆ ಮಲಗಿರುತ್ತದೆ. ಕಸಿಗಾಗಿ ಮೈಯ ಕಾವಲು ತೆಗೆದಾಗ ಎದ್ದು ಮೂತ್ರಚೀಲದ ಒಳಗೋಡೆಯನ್ನು ಹುಣ್ಣು ಮಾಡುತ್ತದೆ. ಇದನ್ನು ಕೊಂದೇ ಕೊಲ್ಲುತ್ತೇನೆ ಎನ್ನುವ ಔಷಧಿ ಇಲ್ಲವಂತೆ. ದಪ್ಪ ನಳಿಕೆಯ ಒಂದು ದಾರಿಯಿಂದ ಮೂತ್ರಚೀಲಕ್ಕೆ ಸಲೈನ್ ಬಿಟ್ಟು, ಇನ್ನೊಂದರಿಂದ ತೆಗೆದು, ಹಗಲೂ ರಾತ್ರಿ ತೊಳೆದರು. ಪ್ಲೇಟ್‌ಲೆಟ್ ಏರಿಸಿದರು. ತಂಗಿಯ ಜೀವಕೋಶಗಳು ನನ್ನ ಮೈಮೇಲೆ ಜಗಳಕ್ಕೆ ಬೀಳದಂತೆ ಕೊಡುತ್ತಿದ್ದ ಮಾತ್ರೆಯನ್ನು ಅಳೆದು ತೂಗಿ ಇಳಿಸಿದರು, ಅವು ಹೋಗಿ ವೈರಸ್ಸಿನ ಮೇಲೆ ಬೀಳಲಿ ಎಂದು. ಜಗಳದಲ್ಲಿ ನನ್ನ ತಂಗಿಯನ್ನು ಸೋಲಿಸಿದವರನ್ನು ನಾನು ಕಂಡಿಲ್ಲ. ಆದರೂ ಹೆದರಿದ್ದೆ, ನೋವಿಗೆ ಕೂಗಾಡಿದ್ದೆ. ಅದರಲ್ಲಿ ನಾಚಿಕೆಯೇನೂ ಇಲ್ಲ.

ಕೆಂಪು ತಿಳಿಯಾಗುತ್ತ ಬಂದ ಮೇಲೆ, ನಳಿಕೆ ಇನ್ನೂ ಕೆಲವು ದಿನ ಇರಲಿ ಎಂದು ಮೂತ್ರ ತುಂಬುವ ಪ್ಲಾಸ್ಟಿಕ್ ಚೀಲದ ಸಮೇತ ಮನೆಗೆ ಕಳಿಸಿದರು. ನ್ಯಾಮತಿಯಿಂದ ಮಾವನವರ ಅಕ್ಕ, ನಮ್ಮ ದೊಡ್ಡತ್ತೆ, ನೋಡಲು ಬಂದರು. ಚೀಲದ ಮೇಲೆ ಟವೆಲ್ಲಾದರೂ ಹಾಕು, ಇಲ್ಲವೇ ಕೋಣೆಯಲ್ಲಿ ಕೂರು ಎಂದು ಅತ್ತೆ ಪಿಸುಗುಟ್ಟಿದರು. ನಾನು ಮಾಸ್ಕ್ ಏರಿಸಿಕೊಂಡು, ಚೀಲವನ್ನು ಕುರ್ಚಿಯ ಕಾಲಿಗೆ ನೇತುಹಾಕಿ, ನಡುಮನೆಯಲ್ಲೇ ಕೂತೆ. ಕದ್ದು ತಂದ ಮಾಲೇನು ಅದು? ದೊಡ್ಡತ್ತೆ ತಮ್ಮ ಕುರ್ಚಿಯನ್ನು ಹಿಂದಕ್ಕೆ ಎಳೆದುಕೊಂಡರು. ನಾನು ಎದುರಿಗೇ ಇದ್ದರೂ, ಇದು ಅಂಟುತ್ತದೆಯೇ ಎಂದು ಅತ್ತೆಯನ್ನು ಕೇಳಿದರು.

"ನಿಮಗೆ ಅಂಟಾಕೆ ಏನೂ ಬಾಕಿ ಇಲ್ಲ ದೊಡ್ಡತ್ತೆ," ಅಂದೆ. "ನಿಮ್ಮೊಳಗೂ ಇರತೈತೆ ಅದು. ನಿಮ್ದು ಮಲಗೈತೆ, ನಂದು ಎದ್ದಿತ್ತು. ಒದ್ದು ಮಲಗಸ್ತಾ ಇದೀನಿ."

ಮಾತು ಮರೆಸಲು ಅತ್ತೆ ಎಲೆ ಅಡಿಕೆ ತಟ್ಟೆ ತಂದಿಟ್ಟರು. ದೊಡ್ಡತ್ತೆ ತಾವು ಹಾಕಿಕೊಂಡು ತಮ್ಮನ ಕಡೆ ತಳ್ಳಿದರು. ಮಾವನವರು ತಟ್ಟೆಯನ್ನು ವಾಪಸ್ ಸರಿಸಿದರು. ನಾನು ಆಸ್ಪತ್ರೆಯಿಂದ ಬಂದಾಗಿನಿಂದ ಅವರ ಬಾಯಿ ಕೆಂಪಾಗಿದ್ದನ್ನು ನೋಡಿಲ್ಲವೆಂದು ಆಗ ಹೊಳೆಯಿತು. ಯಾವಾಗ ಬಿಟ್ಟೆಯೋ ಎಂದು ಅಕ್ಕ ಕೇಳಿದರು.

"ಇವಳು ಆಸ್ಪತ್ರೆಗೆ ಹೋದ ದಿನಾನೇ ಕಣಕ್ಕ," ಅಂದರು. "ಇನ್ಮೇಲೆ ಈ ಮನೆ ಬಚ್ಚಲಾಗೆ ಕೆಂಪು ಕಂಡ್ರೆ, ಅದು ನಂದೋ ಇವಳದೋ ಅಂತ ಯಾರೂ ಕೇಳಂಗೆ ಇರಬಾರದು."