ದೊಡ್ಡಿಗೆ ಹೋಗದ ಸೂಪು

ಬೆಳಕು ಹರಿಯುವ ಮೊದಲೇ ಗುಡ್ನಿ ಒಲೆ ಹಚ್ಚಿ, ಕುರಿಮಾಂಸದ ಸೂಪಿಗೆ ಗೆಡ್ಡೆ ಹೆಚ್ಚಿ ಹಾಕಿ, ಗಂಡನ ಒದ್ದೆ ಕೈಗವಸು ಒಣಗಿಸಿ, ಅತ್ತೆಗೆ ಮಾತ್ರೆ ಕೊಟ್ಟು ಲಾಯಕ್ಕೆ ಹೋದಳು. ಬಾಚಲು ಲದ್ದಿಯೇ ಇರಲಿಲ್ಲ. ಹೆಣ್ಣು ಕುದುರೆ ದ್ರೀಫಾ ಹುಲ್ಲು ಮುಟ್ಟದೆ, ಮುಂಗಾಲಲ್ಲಿ ನೆಲ ಕೆರೆಯುತ್ತ, ತಿರುತಿರುಗಿ ತನ್ನ ಪಕ್ಕೆಯನ್ನೇ ನೋಡುತ್ತಿದ್ದಳು.

ಗಂಡ ಏವಿಂದ ಬರಿಗಾಲಲ್ಲಿ ಓಡಿಬಂದ. "ಏನಾಯ್ತೇ ನನ್ ಬಂಗಾರ?" ಎಂದು ಕುದುರೆಯ ಕುತ್ತಿಗೆಗೆ ಕೆನ್ನೆ ಒತ್ತಿದ. ಕಣ್ಣಲ್ಲಿ ನೀರು.

ಕಳೆದ ಚಳಿಗಾಲ ಗುಡ್ನಿ ಹೊಟ್ಟೆ ಹಿಡಿದು ಮಲಗಿದ್ದಾಗ ಇವನು ಬಾಗಿಲಲ್ಲೇ ನಿಂತು, "ಊಟಕ್ಕೇನಿದೆ?" ಎಂದಿದ್ದ.

"ನನ್ನೂ ಇಲ್ಲೇ ಕಟ್ಟಾಕು ಮಾರಾಯ. ಬಂಗಾರ ಅನ್ನಿಸ್ಕೋತೀನಿ," ಎಂದಳು ಗುಡ್ನಿ.

"ಥೂ, ಕುದುರೆ ಮೇಲೂ ಹೊಟ್ಟೆಕಿಚ್ಚಾ ನಿಂಗೆ?"

ಗುಡ್ನಿ ಪಶುವೈದ್ಯೆ ಉನ್ನೂರ್‌ಗೆ ಫೋನ್ ಮಾಡಿದಳು.

"ಹೊಟ್ಟೆಶೂಲೆ ಇರ್ಬೇಕು. ಹುಲ್ಲು ತೆಗ್ದಿಡು, ನೀರಿರ್ಲಿ," ಎಂದಳು ಉನ್ನೂರ್. "ಆಗಾಗ ಮೆಲ್ಲಗೆ ನಡೆಸು, ಓಡಿಸ್ಬೇಡ. ಬಾಯಿಗೇನೂ ಹೊಯ್ಬೇಡಿ. ಬೆವರಿದ್ರೆ, ಹೊರಳಾಡಿದ್ರೆ ತಕ್ಷಣ ಫೋನ್ ಮಾಡು. ಒಬ್ರು ಜೊತೇಲೇ ಇರಿ, ನಾನು ಮಧ್ಯಾಹ್ನ ಬರ್ತೀನಿ."

"ಅವಳಿಗೇನ್ ಗೊತ್ತು? ನಮ್ಮಪ್ಪ ಹೊಯ್ತಿದ್ದದ್ದು ಇದನ್ನೇ," ಎಂದು ಏವಿಂದ ಬ್ರೆನ್ನಿವಿನ್ ಸಾರಾಯಿಯ ಬಾಟಲಿಯನ್ನು ಹೆಂಡತಿಯ ಕೈಗೆ ತುರುಕಿದ. ಬೆಟ್ಟದಿಂದಿಳಿದ ಊರ ಕುರಿಗಳನ್ನು ದೊಡ್ಡಿಯಲ್ಲಿ ವಿಂಗಡಿಸುವ ದಿನ ಅದು. ಮಂದೆ ತಂದ ತಂಡಕ್ಕೆ ಈ ವರ್ಷ ಅವನೇ ಮುಖ್ಯಸ್ಥ, 'ಬೆಟ್ಟದ ದೊರೆ'. "ಅರ್ಧ ಬಾಟ್ಲಿ ಕುದುರೆ ಗಂಟಲಿಗೆ ಇಳಿಸ್ಬಿಟ್ಟು ದೊಡ್ಡಿಗೆ ಸೂಪು ತಗೊಂಡ್ ಬಾ. ಗಂಡಸ್ರು ಹಸ್ಕೊಂಡಿರ್ತಾರೆ."

ಅವನ ಜೀಪು ಹೋಯಿತು.

ಬಾಟಲಿ ಗುಡ್ನಿಯ ಕೈಯಲ್ಲೇ ಇತ್ತು. ಹೀಗೆ ಹೊಯ್ದ ಸಾರಾಯಿ ಶ್ವಾಸಕೋಶಕ್ಕೆ ಹೋಗಿ ನೆರೆಮನೆಯ ಕುದುರೆ ಸತ್ತದ್ದು ಅವಳಿಗೆ ನೆನಪಿತ್ತು. ಹೊಯ್ದರೆ ಯಾರೂ ಬೈಯುವಂತಿಲ್ಲ. ಗಂಡ ಹೇಳಿದ್ದನ್ನೇ ಮಾಡಿದಂತೆ. ನಾಳೆಯಿಂದ ಈ ಮನೆಯಲ್ಲಿ ಬಂಗಾರ ಇರುವುದಿಲ್ಲ. ಆ ಯೋಚನೆ ಒಂದು ಗಳಿಗೆ ಅವಳಿಗೆ ಹಿತವಾಗಿತ್ತು.

ದ್ರೀಫಾ ಮತ್ತೆ ತನ್ನ ಪಕ್ಕೆ ನೋಡಿಕೊಂಡಳು. ಆ ಚಳಿಗಾಲದ ರಾತ್ರಿ ಗುಡ್ನಿಯೂ ಹೀಗೇ, ಸದ್ದಿಲ್ಲದೆ ನೋವು ತಿಂದಿದ್ದಳು.

ಸಾರಾಯಿಯನ್ನು ತಿಪ್ಪೆಗೆ ಸುರಿದಳು. ಹುಲ್ಲನ್ನೆಲ್ಲ ಎತ್ತಿಟ್ಟಳು. ಒಳಗೆ ಹೋಗಿ ಕುದಿಯುತ್ತಿದ್ದ ಸೂಪಿನ ಒಲೆ ಆರಿಸಿದಳು. ಬೆಟ್ಟದ ದೊರೆ ಹಸಿದಿರಲಿ. ಹೊರಬಂದು ದ್ರೀಫಾಳ ಹಗ್ಗ ಹಿಡಿದು, "ನಡಿಯೇ, ಮೆಲ್ಲಗೆ," ಎಂದಳು.